ಪಿಎಚ್‌ಪಿ ಅಪ್ಲಿಕೇಶನ್‌ಗೆ ಪೈಥಾನ್ ಸೇರಿಸಬೇಕು, ಹೇಗೆ?

ಪ್ರಶ್ನೆ: ಶಿರಸಿ ಕಡೆಯ ಒಂದು ಸಹಕಾರ ಸಂಘಕ್ಕೆ ಏಳು ವರ್ಷದ ಹಿಂದೆ ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಿ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಸದಸ್ಯರ ಖಾತೆ, ರಸೀದಿ, ಸಭೆಯ ನೋಟಿಸು ಎಲ್ಲ ಅದರಲ್ಲೇ ನಡೆಯುತ್ತದೆ. ಈಗ ಹಳೆಯ ಅಚ್ಚಾದ ವಾರ್ಷಿಕ ವರದಿಗಳನ್ನು ಸ್ಕ್ಯಾನ್ ಮಾಡಿ, ಅದರೊಳಗಿನ ಕನ್ನಡವನ್ನು ಹುಡುಕುವಂತೆ ಮಾಡಿಕೊಡಿ ಎನ್ನುತ್ತಿದ್ದಾರೆ. ಪೈಥಾನ್‌ನಲ್ಲಿ ಟೆಸರಾಕ್ಟ್ ಎಂಬ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡುವ) ತಂತ್ರಾಂಶ ಬಳಸಿ ಒಂದು ಸ್ಕ್ರಿಪ್ಟ್ ಬರೆದೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡುತ್ತದೆ. ಪಿಎಚ್‌ಪಿಯಿಂದ ಕರೆದರೆ ಖಾಲಿ ಉತ್ತರ ಬರುತ್ತದೆ. ಒಂದೇ ಅಪ್ಲಿಕೇಶನ್‌ನಲ್ಲಿ ಎರಡು ಭಾಷೆ ಇಡುವುದು ಸರಿಯೇ? ಅಥವಾ ಎಲ್ಲವನ್ನೂ ಪೈಥಾನ್‌ಗೆ ಬದಲಿಸಿಬಿಡಲೇ? ಸರ್ವರ್‌ನಲ್ಲಿ 2 ಜಿಬಿ ಮೆಮೊರಿ ಇದೆ, ಲಿನಕ್ಸ್, ವೆಬ್ ಸರ್ವರ್ ಎಂಜಿನ್‌ಎಕ್ಸ್.

ಉತ್ತರ: ಬದಲಿಸಬೇಡಿ. ಏಳು ವರ್ಷ ಓಡಿದ ಲೆಕ್ಕಪತ್ರದ ಕೋಡ್‌ನಲ್ಲಿ ನೀವು ಮರೆತೇಹೋದ ಎಷ್ಟೋ ತಿದ್ದುಪಡಿಗಳು ಸೇರಿಕೊಂಡಿರುತ್ತವೆ. ಬಡ್ಡಿ ಲೆಕ್ಕದಲ್ಲಿ ಒಂದು ಕಡೆ ಪೈಸೆ ಕಳೆದದ್ದು, ರಸೀದಿ ಎರಡು ಸಲ ಅಚ್ಚಾಗದಂತೆ ತಡೆದದ್ದು, ಹೀಗೆ. ಹೊಸದಾಗಿ ಬರೆದರೆ ಅವನ್ನೆಲ್ಲ ಮತ್ತೆ ಒಂದೊಂದಾಗಿ ಸದಸ್ಯರ ದೂರಿನಿಂದಲೇ ಕಲಿಯಬೇಕಾಗುತ್ತದೆ. ಓಸಿಆರ್ ಬೇಕು ಎಂಬ ಒಂದೇ ಕಾರಣಕ್ಕೆ ಅದು ತುಂಬಾ ದುಬಾರಿ.

ಎರಡು ಭಾಷೆ ಇಡುವುದು ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಸರಿ. ಈಗಾಗಲೇ ನಿಮ್ಮ ಅಪ್ಲಿಕೇಶನ್‌ನಲ್ಲಿ ಪಿಎಚ್‌ಪಿ, ಎಸ್‌ಕ್ಯೂಎಲ್, ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಎಂದು ಮೂರು ಇವೆ. ಅವು ಜಗಳವಾಡದೆ ಇರಲು ಕಾರಣ, ಯಾವುದು ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ಸ್ಪಷ್ಟವಾಗಿದೆ. ಎರಡು ಗದ್ದೆ ಪಕ್ಕಪಕ್ಕ ಇದ್ದಾಗ ನಡುವಿನ ಬದು ಗಟ್ಟಿಯಾಗಿರಬೇಕು, ನೀರು ಹಾಯಲು ಒಂದೇ ಕಂಡಿ ಇರಬೇಕು. ಪಿಎಚ್‌ಪಿ ಮತ್ತು ಪೈಥಾನ್ ನಡುವೆಯೂ ಅಂಥ ಒಂದೇ ಕಂಡಿ ಮಾಡಿಕೊಳ್ಳುವುದು ಹೇಗೆ ಎಂಬುದೇ ನನ್ನ ಇಡೀ ಉತ್ತರ.

ಮೊದಲು ಖಾಲಿ ಉತ್ತರದ ವಿಷಯ ಮುಗಿಸಿಬಿಡೋಣ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಓಡಿಸುವವರು ನೀವು. ಬ್ರೌಸರ್ ಮೂಲಕ ಓಡಿಸುವುದು ಸರ್ವರ್‌ನ ಬೇರೊಬ್ಬ ಬಳಕೆದಾರ. ಡೆಬಿಯನ್, ಉಬುಂಟುಗಳಲ್ಲಿ ಅದರ ಹೆಸರು ಸಾಮಾನ್ಯವಾಗಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ನೀವು ಪೈಥಾನ್ ಲೈಬ್ರರಿಗಳನ್ನು ಹಾಕಿಕೊಂಡ ವರ್ಚುವಲ್ ಎನ್ವಿರಾನ್‌ಮೆಂಟ್ ಅದಕ್ಕೆ ಗೊತ್ತಿಲ್ಲ. ನಿಮ್ಮ ಹೋಮ್ ಫೋಲ್ಡರ್ ಓದಲು ಅದಕ್ಕೆ ಅನುಮತಿ ಇಲ್ಲದೇ ಇರಬಹುದು. ಜೊತೆಗೆ ವೆಬ್ ಕೋರಿಕೆಗಳಿಗೆ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಬಳಸುತ್ತಿದ್ದರೆ, ಅದು ಮೊದಲಿನಿಂದಲೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು, ಅಂದರೆ ಪ್ರೋಗ್ರಾಂಗೆ ಹೊರಗಿನಿಂದ ಸಿಗುವ ಸೆಟ್ಟಿಂಗ್‌ಗಳನ್ನು, ಅಳಿಸಿ ಕೊಡುತ್ತದೆ. ಟೆಸರಾಕ್ಟ್‌ನ ಕನ್ನಡ ಡೇಟಾ ಫೈಲ್ ಎಲ್ಲಿದೆ ಎಂದು ನೀವು ಅಂಥದೊಂದು ವೇರಿಯಬಲ್‌ನಲ್ಲಿ ಹೇಳಿದ್ದರೆ, ವೆಬ್‌ನಿಂದ ಓಡುವಾಗ ಅದು ಇರುವುದೇ ಇಲ್ಲ. ಸ್ಕ್ರಿಪ್ಟ್ ದೋಷ ಹೇಳಿ ಸಾಯುತ್ತದೆ. ಆದರೆ ಹೊರಗಿನ ಆಜ್ಞೆ ಓಡಿಸುವ ಪಿಎಚ್‌ಪಿಯ ಶೆಲ್-ಎಕ್ಸೆಕ್ ಫಂಕ್ಷನ್ ಓದುವುದು ಮಾಮೂಲಿ ಔಟ್‌ಪುಟ್ ಮಾತ್ರ, ದೋಷದ ಔಟ್‌ಪುಟ್ ಅಲ್ಲ. ಹಾಗಾಗಿ ನಿಮಗೆ ಖಾಲಿ ಕಾಣುತ್ತದೆ. ದೋಷದ ಔಟ್‌ಪುಟ್ಟನ್ನೂ ಒಂದು ಫೈಲಿಗೆ ತಿರುಗಿಸಿ, ಪೈಥಾನ್‌ಗೂ ಟೆಸರಾಕ್ಟ್‌ಗೂ ಪೂರ್ತಿ ವಿಳಾಸ ಕೊಟ್ಟು ಕರೆಯಿರಿ. ಹತ್ತು ನಿಮಿಷದಲ್ಲಿ ಕಾರಣ ಸಿಗುತ್ತದೆ.

ಸಿಕ್ಕಿತು, ಸರಿಮಾಡಿದಿರಿ, ಓಡಿತು ಎಂದುಕೊಳ್ಳಿ. ಆದರೂ ಆ ದಾರಿಯಲ್ಲಿ ಮುಂದೆ ಹೋಗಬೇಡಿ ಎನ್ನುತ್ತೇನೆ.

ನಾನು ಇದನ್ನು ಅನುಭವಿಸಿ ಕಲಿತವನು. ತುಂಬಾ ಹಿಂದೆ ಒಂದು ಸಂಸ್ಥೆಗೆ ಅರ್ಜಿ ತುಂಬುವ ಅಪ್ಲಿಕೇಶನ್ ಮಾಡಿದ್ದೆ. ಅರ್ಜಿದಾರರು ಹಾಕಿದ ಚಿತ್ರವನ್ನು ಸರಿಪಡಿಸಲು ಪಿಎಚ್‌ಪಿಯಿಂದ ಪೈಥಾನ್ ಸ್ಕ್ರಿಪ್ಟ್ ಕರೆಯುತ್ತಿತ್ತು. ವಾರಗಟ್ಟಲೆ ಚೆನ್ನಾಗಿ ನಡೆಯಿತು. ಅರ್ಜಿಯ ಕೊನೆಯ ದಿನ ಸಂಜೆ ಇಡೀ ಸೈಟ್ ನಿಂತಿತು. ಅರ್ಜಿಯ ಪುಟ ಮಾತ್ರ ಅಲ್ಲ, ಮುಖಪುಟವೂ ತೆರೆಯಲಿಲ್ಲ. ಸರ್ವರ್ ಸತ್ತಿದೆ ಎಂದುಕೊಂಡು ನೋಡಿದರೆ ಬದುಕೇ ಇದೆ. ಜನ ಫೋನ್ ಮಾಡುತ್ತಲೇ ಇದ್ದರು. ಕೆಲವರ ಅರ್ಜಿ ಆ ರಾತ್ರಿ ಹೋಗಲೇ ಇಲ್ಲ. ಆ ಫೋನ್‌ಗಳಲ್ಲಿ ಕೇಳಿದ ದನಿ ಈಗಲೂ ನೆನಪಿದೆ.

ಆಗಿದ್ದು ಇಷ್ಟು. ಪಿಎಚ್‌ಪಿ-ಎಫ್‌ಪಿಎಂ ಒಂದು ಹೊತ್ತಿಗೆ ಇಷ್ಟೇ ಕೋರಿಕೆ ನೋಡುತ್ತೇನೆ ಎಂದು ಮಿತಿ ಇಟ್ಟುಕೊಂಡಿರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಅದನ್ನು ಹಾಕಿದಾಗ ಬರುವ ಮಿತಿ 5. ಬಹಳ ಜನ ಅದನ್ನು ಬದಲಿಸುವುದೇ ಇಲ್ಲ. ಐದು ಜನ ಒಟ್ಟಿಗೆ ಚಿತ್ರ ಹಾಕಿದರೆ ಐದು ಕೆಲಸಗಾರರೂ (ಕೋರಿಕೆ ನೋಡುವ ಪಿಎಚ್‌ಪಿ ಪ್ರಕ್ರಿಯೆಗಳು) ಪೈಥಾನ್ ಮುಗಿಯಲಿ ಎಂದು ಕಾಯುತ್ತಾ ನಿಲ್ಲುತ್ತಾರೆ. ಆರನೆಯವರು ಬರೀ ನೋಟಿಸು ಓದಲು ಬಂದಿದ್ದರೂ ಅವರನ್ನು ನೋಡುವವರಿಲ್ಲ. ಪಿಎಚ್‌ಪಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ, ಅದು ಕಾಪಾಡುತ್ತದೆ ಎಂದು ನಾನೂ ನಂಬಿದ್ದೆ. ಲಿನಕ್ಸ್‌ನಲ್ಲಿ ಹೊರಗಿನ ಪ್ರೋಗ್ರಾಂ ಓಡುವ ಸಮಯ ಆ ಲೆಕ್ಕಕ್ಕೆ ಸೇರುವುದಿಲ್ಲ. ಎಂಜಿನ್‌ಎಕ್ಸ್ ಮಾಮೂಲಿಯಾಗಿ 60 ಸೆಕೆಂಡು ಕಾದು 504, ಅಂದರೆ ಸಮಯ ಮೀರಿತು ಎಂದು ಹೇಳಿಬಿಡುತ್ತದೆ. ಒಳಗೆ ಪಿಎಚ್‌ಪಿ ಮಾತ್ರ ಇನ್ನೂ ಕಾಯುತ್ತಲೇ ಇರುತ್ತದೆ. ಬಳಕೆದಾರ 504 ನೋಡಿ ಪುಟ ರಿಫ್ರೆಶ್ ಮಾಡುತ್ತಾನೆ. ಇನ್ನೊಬ್ಬ ಕೆಲಸಗಾರ ಸಿಕ್ಕಿಬೀಳುತ್ತಾನೆ. ಹೀಗೆ ಸೈಟ್ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ.

ನಿಮ್ಮಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಒಂದು ವಾರ್ಷಿಕ ವರದಿಯಲ್ಲಿ ಎಷ್ಟೋ ಪುಟ ಇರುತ್ತವೆ, ಒಂದೊಂದು ಪುಟಕ್ಕೂ ಕೆಲವು ಸೆಕೆಂಡು ಬೇಕು. ಅಷ್ಟು ಹೊತ್ತು ಬ್ರೌಸರ್ ಮುಂದೆ ಯಾರನ್ನೂ ಕೂರಿಸಬಾರದು.

ಇಲ್ಲಿ ಒಂದು ಮಾತು ಕೇಳಲೇಬೇಕು. ನಿಮಗೆ ಪೈಥಾನ್ ನಿಜವಾಗಿ ಬೇಕೇ? ಟೆಸರಾಕ್ಟ್ ಪೈಥಾನ್ ಪ್ರೋಗ್ರಾಂ ಅಲ್ಲ. ಎಚ್‌ಪಿ ಕಂಪನಿಯ ಪ್ರಯೋಗಾಲಯಗಳಲ್ಲಿ 1985ರಿಂದ 1994ರ ನಡುವೆ ಹುಟ್ಟಿ ಬೆಳೆದದ್ದು, 2005ರಲ್ಲಿ ಮುಕ್ತ ತಂತ್ರಾಂಶವಾದದ್ದು, ಈಗ ಸಿ ಪ್ಲಸ್ ಪ್ಲಸ್‌ನಲ್ಲಿ ಇರುವಂಥದ್ದು. ಪೈಥಾನ್‌ನಲ್ಲಿ ಜನ ಬಳಸುವ ಪೈಟೆಸರಾಕ್ಟ್ ಎಂಬ ಲೈಬ್ರರಿ ಒಳಗೆ ಮಾಡುವುದೂ ಟೆಸರಾಕ್ಟ್ ಆಜ್ಞೆಯನ್ನು ಹೊರಗಿನಿಂದ ಓಡಿಸುವ ಕೆಲಸವನ್ನೇ. ಅಷ್ಟೇ ಆಗಿದ್ದರೆ ಪಿಎಚ್‌ಪಿಯಲ್ಲೇ ಹಿನ್ನೆಲೆ ಕೆಲಸವಾಗಿ ಓಡಿಸಬಹುದಿತ್ತು. ಎರಡನೇ ಭಾಷೆ ಬೇಡವೇ ಬೇಡ.

ಆದರೆ ಹಳೆಯ ಅಚ್ಚಿನ ವರದಿ ಎಂದಿರಿ. ಕಾಗದ ಹಳದಿಯಾಗಿರುತ್ತದೆ, ಹಿಂಬದಿಯ ಮಸಿ ಈಚೆ ಕಾಣುತ್ತದೆ, ಸ್ಕ್ಯಾನ್ ಸ್ವಲ್ಪ ಓರೆ ಬಂದಿರುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಪುಟ ತುಸು ಓರೆಯಾದರೂ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಮೊದಲು ಚಿತ್ರ ನೇರಮಾಡಿ, ಕಲೆ ತೆಗೆದು, ಕಪ್ಪು ಬಿಳುಪು ಮಾಡಿದರೆ ಫಲಿತಾಂಶ ಎಷ್ಟೋ ಸುಧಾರಿಸುತ್ತದೆ. ಆ ಕೆಲಸಕ್ಕೆ ಪೈಥಾನ್‌ನಲ್ಲಿ ಓಪನ್‌ಸಿವಿ ಎಂಬ ಚಿತ್ರ ತಿದ್ದುವ ಲೈಬ್ರರಿ ಇದೆ, ಪಿಎಚ್‌ಪಿಯಲ್ಲಿ ಅದಕ್ಕೆ ಸಮನಾದದ್ದು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ನಿಮ್ಮ ವಿಷಯದಲ್ಲಿ ಪೈಥಾನ್ ಬೇಕು ಎಂದೇ ನನ್ನ ತೀರ್ಮಾನ. ಕೈಬರಹದ ನಡಾವಳಿ ಪುಸ್ತಕವನ್ನೂ ಇದರಲ್ಲೇ ಓದಿಸೋಣ ಎಂದು ಸಂಘದವರು ಕೇಳಿದರೆ ಮಾತ್ರ ಒಪ್ಪಬೇಡಿ. ಟೆಸರಾಕ್ಟ್ ಅಚ್ಚಿನ ಅಕ್ಷರಕ್ಕೆ ಮಾಡಿದ್ದು.

ಈಗ ಕಂಡಿಯ ವಿಷಯ. ನಾನು ನಿಮಗೆ ಹೇಳುವುದು ಸರದಿ ಪದ್ಧತಿ. ಪಿಎಚ್‌ಪಿ ಪೈಥಾನ್‌ನನ್ನು ಕರೆಯುವುದೇ ಇಲ್ಲ. ಸ್ಕ್ಯಾನ್ ಬಂದ ಕೂಡಲೇ ಫೈಲನ್ನು ಒಂದು ಫೋಲ್ಡರ್‌ನಲ್ಲಿಟ್ಟು, ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಪುಟಕ್ಕೊಂದು ಸಾಲು ಬರೆದು, 'ಸ್ವೀಕರಿಸಿದ್ದೇವೆ' ಎಂದು ಬಳಕೆದಾರರಿಗೆ ಹೇಳಿ ಮುಗಿಸುತ್ತದೆ. ಅರ್ಧ ಸೆಕೆಂಡಿನ ಕೆಲಸ. ಇನ್ನೊಂದು ಕಡೆ ಒಂದು ಪೈಥಾನ್ ಪ್ರೋಗ್ರಾಂ ಹಗಲೂ ರಾತ್ರಿ ಓಡುತ್ತಿರುತ್ತದೆ. ಟೇಬಲ್ ನೋಡುತ್ತದೆ, ಬಾಕಿ ಇರುವ ಒಂದು ಸಾಲು ಎತ್ತಿಕೊಳ್ಳುತ್ತದೆ, ಪುಟ ಓದುತ್ತದೆ, ಪಠ್ಯ ಬರೆಯುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಕೆಲಸ ಇಲ್ಲದಿದ್ದರೆ ಎರಡು ಸೆಕೆಂಡು ಮಲಗಿ ಮತ್ತೆ ನೋಡುತ್ತದೆ. ರೇಷನ್ ಅಂಗಡಿಯಲ್ಲಿ ಚೀಟಿ ಇಟ್ಟು ಹೋಗುವ ಹಾಗೆ.

ಇದಕ್ಕೆ ರೆಡಿಸ್ ಬೇಕು, ರ‍್ಯಾಬಿಟ್‌ಎಂಕ್ಯೂ ಬೇಕು, ಸರದಿ ನಡೆಸಲು ಬೇರೆ ತಂತ್ರಾಂಶವೇ ಬೇಕು ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬಿಡಿ. ದಿನಕ್ಕೆ ಲಕ್ಷಗಟ್ಟಲೆ ಕೆಲಸ ಇರುವವರಿಗೆ ಅವು ಒಳ್ಳೆಯವು. ನಿಮಗೆ ಮೈಎಸ್‌ಕ್ಯೂಎಲ್ ಸಾಕು. ಮೈಎಸ್‌ಕ್ಯೂಎಲ್ 8.0ರಲ್ಲಿ ಒಂದು ಸೌಲಭ್ಯ ಬಂದಿದೆ: ಸಾಲನ್ನು ಓದುವಾಗಲೇ ಬೀಗ ಹಾಕು, ಬೇರೆಯವರು ಬೀಗ ಹಾಕಿದ್ದನ್ನು ಬಿಟ್ಟು ಮುಂದೆ ಹೋಗು ಎಂದು ಹೇಳಬಹುದು. ಹೆಸರು 'ಸ್ಕಿಪ್ ಲಾಕ್ಡ್'. ಬೇರೆ ಡೇಟಾಬೇಸ್‌ಗಳಾದ ಪೋಸ್ಟ್‌ಗ್ರೆಸ್‌ನಲ್ಲಿ 9.5ರಿಂದ ಇದೆ, ಮರಿಯಾಡಿಬಿಯಲ್ಲಿ 10.6ರಿಂದ. ಇದರಿಂದ ನಾಳೆ ಎರಡು ಪೈಥಾನ್ ಕೆಲಸಗಾರರನ್ನು ಇಟ್ಟರೂ ಇಬ್ಬರೂ ಒಂದೇ ಪುಟಕ್ಕೆ ಕೈಹಾಕುವುದಿಲ್ಲ. ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಬೀಗ ಹಾಕಿಕೊಂಡೇ ಓಸಿಆರ್ ಮಾಡಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಸಾಲಿಗೆ ಬೀಗ ಹಾಕಿ, ಸ್ಥಿತಿಯನ್ನು 'ನಡೆಯುತ್ತಿದೆ' ಎಂದು ಬದಲಿಸಿ, ಕಮಿಟ್ ಮಾಡಿ ಬೀಗ ಬಿಡಿ. ಆಮೇಲೆ ನಿಧಾನಕ್ಕೆ ಪುಟ ಓದಿ.

ಟೇಬಲ್‌ನಲ್ಲಿ ಏನಿರಬೇಕು? ಕ್ರಮಸಂಖ್ಯೆ, ಫೈಲ್ ಇರುವ ಜಾಗ, ಸ್ಥಿತಿ, ಎಷ್ಟು ಸಲ ಪ್ರಯತ್ನಿಸಿದೆ, ಯಾವಾಗ ಶುರುವಾಯಿತು, ದೋಷದ ಮಾತು. ಕೊನೆಯ ಮೂರನ್ನು ಬಿಡಬೇಡಿ. ಕರೆಂಟು ಹೋಗಿ ಪೈಥಾನ್ ಅರ್ಧದಲ್ಲಿ ಸತ್ತರೆ ಆ ಸಾಲು 'ನಡೆಯುತ್ತಿದೆ' ಎಂದೇ ಉಳಿದುಬಿಡುತ್ತದೆ. ಶುರುವಾಗಿ ಹದಿನೈದು ನಿಮಿಷ ದಾಟಿದ್ದನ್ನು ಮತ್ತೆ 'ಬಾಕಿ'ಗೆ ತಳ್ಳುವ ಒಂದು ಸಣ್ಣ ತಪಾಸಣೆ ಇಡಿ. ಒಂದು ಪುಟ ಕೆಟ್ಟ ಚಿತ್ರವಾಗಿದ್ದು ಪ್ರತಿ ಸಲವೂ ಪ್ರೋಗ್ರಾಂ ಬೀಳಿಸುತ್ತಿದ್ದರೆ, ಮೂರು ಪ್ರಯತ್ನದ ನಂತರ 'ವಿಫಲ' ಎಂದು ಬರೆದು ಬದಿಗಿಡಲಿ. ಇಲ್ಲದಿದ್ದರೆ ಅದೊಂದೇ ಪುಟ ರಾತ್ರಿಯಿಡೀ ಸರದಿ ತಡೆಯುತ್ತದೆ.

ಸಮಯ ಬರೆಯುವಾಗ ಪಿಎಚ್‌ಪಿಯ ಗಡಿಯಾರವನ್ನೂ ಪೈಥಾನ್‌ನ ಗಡಿಯಾರವನ್ನೂ ನಂಬಬೇಡಿ. ಎರಡೂ ಕಡೆ ಡೇಟಾಬೇಸ್‌ನ ಸಮಯವನ್ನೇ ಬರೆಸಿ. ಪಿಎಚ್‌ಪಿಯಲ್ಲಿ ಕಾಲವಲಯ ಹೇಳದಿದ್ದರೆ ಅದು ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣಿತ ಸಮಯ ಹಿಡಿಯುತ್ತದೆ. ಒಂದು ಕಡೆ ಯುಟಿಸಿ, ಇನ್ನೊಂದು ಕಡೆ ಭಾರತದ ಸಮಯ ಆದರೆ ಐದೂವರೆ ಗಂಟೆ ವ್ಯತ್ಯಾಸ. ಈಗತಾನೇ ಶುರುವಾದ ಪುಟ ಐದೂವರೆ ಗಂಟೆ ಹಳೆಯದಾಗಿ ಕಾಣುತ್ತದೆ, ಹದಿನೈದು ನಿಮಿಷದ ನಿಯಮ ಅದನ್ನು ಹಿಂದಕ್ಕೆ ತಳ್ಳುತ್ತದೆ, ಒಂದೇ ಪುಟ ಮತ್ತೆ ಮತ್ತೆ ಓದಲ್ಪಡುತ್ತದೆ. ಕೋಡ್‌ನಲ್ಲಿ ಯಾವ ಸಾಲೂ ತಪ್ಪಾಗಿ ಕಾಣುವುದಿಲ್ಲ.

ಫೈಲಿನ ಹೆಸರಿನ ಬಗ್ಗೆಯೂ ಹೇಳಬೇಕು. ಸಂಘದವರು 'ವರದಿ 1968' ಎಂದು ಕನ್ನಡದಲ್ಲೇ ಹೆಸರಿಟ್ಟು ಕಳಿಸುತ್ತಾರೆ, ಅಲ್ವಾ? ಪಿಎಚ್‌ಪಿಯಲ್ಲಿ ಹೊರಗಿನ ಆಜ್ಞೆಗೆ ಹೆಸರು ಕೊಡುವಾಗ ಸುರಕ್ಷತೆಗೆ ಬಳಸುವ ಎಸ್ಕೇಪ್-ಶೆಲ್-ಆರ್ಗ್ ಎಂಬ ಫಂಕ್ಷನ್ ಇದೆ. ಸರ್ವರ್‌ನ ಲೊಕೇಲ್ (ಭಾಷೆಯ ಸೆಟ್ಟಿಂಗ್) ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಆಗಿಲ್ಲದಿದ್ದರೆ ಅದು ಕನ್ನಡದ ಅಕ್ಷರಗಳನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ. 'ವರದಿ' ಮಾಯವಾಗಿ ಬರೀ 1968 ಉಳಿಯುತ್ತದೆ. ಫೈಲ್ ಸಿಗಲಿಲ್ಲ ಎಂದು ದೋಷ. ಸರದಿ ಪದ್ಧತಿಯಲ್ಲಿ ಈ ತೊಂದರೆ ಬರುವುದಿಲ್ಲ, ಆದರೂ ಬಳಕೆದಾರರು ಕೊಟ್ಟ ಹೆಸರಿನಲ್ಲಿ ಫೈಲ್ ಇಡಬೇಡಿ. ಕ್ರಮಸಂಖ್ಯೆಯ ಹೆಸರಿನಲ್ಲಿ ಇಡಿ, ಕನ್ನಡದ ಹೆಸರನ್ನು ಟೇಬಲ್‌ನಲ್ಲಿ ಬರೆದುಕೊಳ್ಳಿ. ಎಲ್ಲಾದರೂ ಹೊರಗಿನ ಪ್ರೋಗ್ರಾಂ ಕರೆಯಲೇಬೇಕಾಗಿ ಬಂದರೆ, ಪಿಎಚ್‌ಪಿ 7.4ರಿಂದ ಪ್ರೋಕ್-ಓಪನ್ ಫಂಕ್ಷನ್‌ಗೆ ಆಜ್ಞೆಯನ್ನು ಅರೇ ರೂಪದಲ್ಲಿ ಕೊಡಬಹುದು. ಆಗ ನಡುವೆ ಶೆಲ್ ಬರುವುದೇ ಇಲ್ಲ, ಹೆಸರಿನೊಳಗೆ ಆಜ್ಞೆ ತುರುಕುವ ದಾಳಿಗೂ ಜಾಗ ಇರುವುದಿಲ್ಲ.

ಕನ್ನಡ ಪಠ್ಯ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಏನೇನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷ್ ಪಠ್ಯದ ಮೇಲೆ ಮಾತ್ರ ಪರೀಕ್ಷೆ ಮಾಡುವವರಿಗೆ ಇವು ಎದುರಾಗುವುದೇ ಇಲ್ಲ.

'ಕನ್ನಡ' ಎಂಬ ಪದ ತೆಗೆದುಕೊಳ್ಳಿ. ನಾವು ಎಣಿಸಿದರೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 15. ಪಿಎಚ್‌ಪಿಯ ಸ್ಟ್ರ್‌ಲೆನ್ 15 ಎನ್ನುತ್ತದೆ. ಪೈಥಾನ್‌ನ ಲೆನ್ 5 ಎನ್ನುತ್ತದೆ. ಪೈಥಾನ್ 'ಹುಡುಕಿದ ಪದ 40ನೇ ಜಾಗದಲ್ಲಿದೆ' ಎಂದು ಬರೆದು, ಪಿಎಚ್‌ಪಿ ಅದನ್ನು ಬೈಟ್ ಲೆಕ್ಕದಲ್ಲಿ ಓದಿ ಅಲ್ಲಿ ಬಣ್ಣ ಹಚ್ಚಲು ಹೋದರೆ ಬಣ್ಣ ಬೇರೆಲ್ಲೋ ಬೀಳುತ್ತದೆ, ಅಕ್ಷರ ಮಧ್ಯೆ ಕತ್ತರಿಸಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಪಿಎಚ್‌ಪಿ ಕಡೆ ಎಂಬಿ ಎಂದು ಶುರುವಾಗುವ ಫಂಕ್ಷನ್‌ಗಳನ್ನೇ ಬಳಸಿ, ಅವು 5 ಎಂದು ಎಣಿಸುತ್ತವೆ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. 'ಕೊ' ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒತ್ವದ ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊತ್ವದ ದೀರ್ಘ ಚಿಹ್ನೆ ಜೋಡಿಸಿ. ಕಣ್ಣಿಗೆ ಎರಡೂ ಒಂದೇ. ಪಿಎಚ್‌ಪಿಯಾಗಲಿ ಪೈಥಾನ್ ಆಗಲಿ ಆ ಎರಡು ರೂಪಗಳನ್ನು ಹೋಲಿಸಿದರೆ ಬೇರೆ ಬೇರೆ ಎನ್ನುತ್ತವೆ. ಪಠ್ಯ ಒಂದು ರೂಪದಲ್ಲಿ ಉಳಿದು, ಸದಸ್ಯರು ಕೀಲಿಮಣೆಯಲ್ಲಿ ಒತ್ತಿದ್ದು ಇನ್ನೊಂದು ರೂಪದಲ್ಲಿ ಬಂದರೆ 'ಕೊಟ್ಟಿಗೆ' ಎಂದು ಹುಡುಕಿದವರಿಗೆ ಏನೂ ಸಿಗದೇ ಹೋಗಬಹುದು. ವರದಿಯಲ್ಲಿ ಕಣ್ಣಿಗೆ ಕಾಣುತ್ತಿರುವ ಪದ ಹುಡುಕಾಟದಲ್ಲಿ ಸಿಗದಿದ್ದರೆ ಅವರು ನಿಮ್ಮ ಕೆಲಸವನ್ನೇ ನಂಬುವುದಿಲ್ಲ. ಪರಿಹಾರ ಸುಲಭ. ಎನ್‌ಎಫ್‌ಸಿ ಎಂಬ ಒಂದು ಪ್ರಮಾಣಿತ ರೂಪವಿದೆ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್, ಪಿಎಚ್‌ಪಿಯಲ್ಲಿ ಇಂಟ್ಲ್ ಎಕ್ಸ್‌ಟೆನ್ಶನ್‌ನ ನಾರ್ಮಲೈಸರ್ ಅದನ್ನು ಮಾಡಿಕೊಡುತ್ತವೆ. ಟೇಬಲ್‌ಗೆ ಹೋಗುವ ಪ್ರತಿ ಪಠ್ಯವನ್ನೂ, ಹುಡುಕಲು ಬರುವ ಪ್ರತಿ ಪದವನ್ನೂ ಆ ರೂಪಕ್ಕೆ ತನ್ನಿ. ಹುಡುಕುವಾಗ ಕಣ್ಣಿಗೆ ಕಾಣದ ಜೋಡಕ, ಬಿಡಿಸಕ ಚಿಹ್ನೆಗಳನ್ನೂ ಎರಡೂ ಕಡೆ ತೆಗೆದುಬಿಟ್ಟರೆ ಒಳ್ಳೆಯದು.

ಅಂಕಿಗಳು. ಹಳೆಯ ವರದಿಗಳಲ್ಲಿ ಕನ್ನಡದ ಅಂಕಿಗಳೇ ಇರಬಹುದು. ೧೨೩ ಎಂಬ ಪಠ್ಯವನ್ನು ಪೈಥಾನ್‌ನ ಇಂಟ್‌ಗೆ ಕೊಟ್ಟರೆ ಅದು ಸರಿಯಾಗಿ 123 ಎಂದು ಓದುತ್ತದೆ. ಅದೇ ಪಠ್ಯವನ್ನು ಪಿಎಚ್‌ಪಿಯಲ್ಲಿ ಸಂಖ್ಯೆಯಾಗಿ ಬದಲಿಸಿದರೆ 0 ಬರುತ್ತದೆ. ದೋಷವೂ ಹೇಳುವುದಿಲ್ಲ, ಸುಮ್ನೆ ಸೊನ್ನೆ. ಸಂಘದ ಲಾಭದ ಅಂಕಿ ಸೊನ್ನೆಯಾದರೆ ಏನಾಗುತ್ತದೆ ಯೋಚಿಸಿ. ಆದ್ದರಿಂದ ಸಂಖ್ಯೆಯಾಗಬೇಕಾದದ್ದನ್ನು ಪೈಥಾನ್ ಕಡೆಯಲ್ಲೇ ಸಂಖ್ಯೆ ಮಾಡಿ, ಸಂಖ್ಯೆಯ ಕಾಲಂನಲ್ಲೇ ಬರೆಸಿ. ಮೂಲ ಪಠ್ಯವನ್ನು ಇದ್ದ ಹಾಗೇ ಪಕ್ಕದಲ್ಲಿ ಉಳಿಸಿ.

ನೀವು ಪುಟದ ಆಯ್ಕೆಗಳನ್ನು, ಅಂದರೆ ಯಾವ ಭಾಷೆ, ಓರೆ ತಿದ್ದಬೇಕೇ ಎಂಬುದನ್ನು, ಜೇಸನ್ ಎಂಬ, ಎರಡೂ ಭಾಷೆ ಓದಬಲ್ಲ ಪಠ್ಯ ರೂಪದಲ್ಲಿ ಒಂದು ಕಾಲಂನಲ್ಲಿ ಬರೆಯುತ್ತೀರಿ ಎಂದುಕೊಳ್ಳೋಣ. ಪಿಎಚ್‌ಪಿಯಲ್ಲಿ ಪಟ್ಟಿಯೂ ಅರೇ, ಹೆಸರು-ಬೆಲೆ ಜೋಡಿಯೂ ಅರೇ. ಆಯ್ಕೆ ಏನೂ ಇಲ್ಲದಿದ್ದಾಗ ಖಾಲಿ ಅರೇ ಜೇಸನ್‌ನಲ್ಲಿ [] ಆಗುತ್ತದೆ. ಪೈಥಾನ್ {} ನಿರೀಕ್ಷಿಸುತ್ತಿರುತ್ತದೆ, ಪಟ್ಟಿ ಸಿಕ್ಕಿ ಬಿದ್ದುಹೋಗುತ್ತದೆ. ಆಯ್ಕೆ ಇದ್ದಾಗಲೆಲ್ಲ ಸರಿ, ಇಲ್ಲದಾಗ ಮಾತ್ರ ತಪ್ಪು. ಇದೇ ತಪ್ಪು ತಿರುಗುಮುರುಗಾಗಿಯೂ ಬರುತ್ತದೆ. ಪಿಎಚ್‌ಪಿಯಲ್ಲಿ ಪಟ್ಟಿಯಿಂದ ನಡುವಿನ ಒಂದನ್ನು ತೆಗೆದರೆ ಕ್ರಮಸಂಖ್ಯೆ 0, 2, 3 ಎಂದು ಉಳಿಯುತ್ತದೆ. ಆಗ ಜೇಸನ್‌ನಲ್ಲಿ ಅದು ಪಟ್ಟಿಯಾಗುವುದಿಲ್ಲ, ಹೆಸರು-ಬೆಲೆ ಜೋಡಿಯಾಗುತ್ತದೆ. ನನ್ನ ಒಂದು ಇಡೀ ಭಾನುವಾರ ಇದನ್ನು ಹುಡುಕುವುದರಲ್ಲೇ ಕಳೆದಿದೆ. ಹೊರಗೆ ಕಳಿಸುವ ಮೊದಲು ಪಟ್ಟಿಗೆ ಅರೇ-ವ್ಯಾಲ್ಯೂಸ್ ಹಾಕಿ, ಜೋಡಿಯನ್ನು ಆಬ್ಜೆಕ್ಟ್ ಆಗಿ ಬದಲಿಸಿ. ಎರಡು ಭಾಷೆಯ ಪರೀಕ್ಷೆಗಳೂ ಓದುವಂತೆ ಒಂದೇ ಮಾದರಿ ಜೇಸನ್ ಫೈಲ್ ಇಟ್ಟುಕೊಳ್ಳಿ. ಅದರಲ್ಲಿ ಒಂದು ಖಾಲಿ ಆಯ್ಕೆ, ಒಂದು ಕನ್ನಡ ಅಂಕಿ, ಒಂದು 'ಕೊ' ಇರಲಿ. ಅದೇ ನಿಮ್ಮ ಎರಡು ಭಾಷೆಗಳ ನಡುವಿನ ಒಪ್ಪಂದ ಪತ್ರ.

ಪಿಎಚ್‌ಪಿಯ ಜೇಸನ್-ಎನ್‌ಕೋಡ್ ಕನ್ನಡವನ್ನು ಅಂಕಿ ಸಂಕೇತಗಳಾಗಿ ಬದಲಿಸುವುದನ್ನು ಕಂಡು ಗಾಬರಿಯಾಗಬೇಡಿ. ಪೈಥಾನ್ ಅದನ್ನು ಸರಿಯಾಗಿಯೇ ಓದುತ್ತದೆ. ನಿಮ್ಮ ಕಣ್ಣಿಗೆ ಓದಲು ಬೇಕಿದ್ದರೆ ಹಾಗೆ ಬದಲಿಸಬೇಡ ಎಂದು ಹೇಳುವ ಆಯ್ಕೆ ಪಿಎಚ್‌ಪಿ 5.4ರಿಂದಲೇ ಇದೆ.

ಲಾಗಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಏಕೆಂದರೆ ಸರದಿ ಪದ್ಧತಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಪೈಥಾನ್ ಹೊರಜಗತ್ತಿಗೆ ಕಾಣುವುದಿಲ್ಲ. ಯಾರು ಒಳಗೆ ಬರಬಹುದು ಎಂಬುದನ್ನು ಪಿಎಚ್‌ಪಿಯೊಂದೇ ತೀರ್ಮಾನಿಸುತ್ತದೆ. ಆದರೆ ಪೈಥಾನ್‌ಗೆ ಮೈಎಸ್‌ಕ್ಯೂಎಲ್‌ನಲ್ಲಿ ಬೇರೆಯದೇ ಬಳಕೆದಾರ ಹೆಸರು ಕೊಡಿ. ಸರದಿಯ ಟೇಬಲ್ ಮತ್ತು ಪಠ್ಯದ ಟೇಬಲ್, ಇವೆರಡರ ಮೇಲೆ ಮಾತ್ರ ಅನುಮತಿ ಇರಲಿ. ಸದಸ್ಯರ ಖಾತೆಯನ್ನು ಓದಲೂ ಅದಕ್ಕೆ ಆಗಬಾರದು. ಬದು ಕೋಡ್‌ನಲ್ಲಿ ಮಾತ್ರ ಇದ್ದರೆ ಅವಸರದ ದಿನ ಯಾರಾದರೂ ದಾಟಿಬಿಡುತ್ತಾರೆ. ಡೇಟಾಬೇಸೇ ತಡೆದರೆ ದಾಟಲಾಗುವುದಿಲ್ಲ. ಟೇಬಲ್‌ಗಳ ವಿನ್ಯಾಸ ಬದಲಿಸುವ ಅಧಿಕಾರವೂ ಒಂದೇ ಕಡೆ, ಪಿಎಚ್‌ಪಿ ಕಡೆ ಇರಲಿ.

ಪೈಥಾನ್‌ನನ್ನು ಒಂದು ಸಣ್ಣ ವೆಬ್ ಸೇವೆಯಾಗಿ, ಫ್ಲಾಸ್ಕ್ ಅಥವಾ ಫಾಸ್ಟ್‌ಎಪಿಐನಲ್ಲಿ ಮಾಡಿ ಪಿಎಚ್‌ಪಿಯಿಂದ ಕರೆಯುವ ದಾರಿಯೂ ಇದೆ. ಬಳಕೆದಾರರು ಉತ್ತರಕ್ಕಾಗಿ ಅಲ್ಲೇ ಕಾಯುತ್ತಿದ್ದು, ಉತ್ತರ ಒಂದು ಸೆಕೆಂಡಿನೊಳಗೆ ಬರುವಂತಿದ್ದರೆ ಅದು ಒಳ್ಳೆಯ ದಾರಿ. ಉದಾಹರಣೆಗೆ, ಪದ ಒತ್ತುತ್ತಿದ್ದಂತೆ ಸಲಹೆ ಕೊಡುವುದು. ಮುಂದೆ ಬೇಕಾದರೆ ಮಾಡಿ. ಆಗ ಎರಡು ಮಾತು ನೆನಪಿಡಿ. ಸೇವೆ 127.0.0.1ರಲ್ಲಿ ಮಾತ್ರ ಕೇಳುತ್ತಿರಲಿ, ಹೊರಗಿನಿಂದ ಯಾರಿಗೂ ಸಿಗಬಾರದು. ಇನ್ನೊಂದು, ಬೇರೆ ಸೇವೆಯನ್ನು ಕರೆಯಲು ಬಳಸುವ ಪಿಎಚ್‌ಪಿಯ ಕರ್ಲ್‌ಗೆ ಒಟ್ಟು ಸಮಯದ ಮಿತಿ ಮೊದಲಿನಿಂದ ಇರುವುದೇ ಇಲ್ಲ. ನೀವು ಹಾಕದಿದ್ದರೆ ಅದು ಕಾಯುತ್ತಲೇ ಇರುತ್ತದೆ, ಮತ್ತೆ ಅದೇ ಐದು ಕೆಲಸಗಾರರ ಕಥೆ. ಎರಡೋ ಮೂರೋ ಸೆಕೆಂಡು ಎಂದು ಹಾಕಿ, ಉತ್ತರ ಬರದಿದ್ದರೆ ಸಲಹೆ ಇಲ್ಲದೆಯೇ ಪುಟ ತೋರಿಸಿ.

ನಮಗಿಂತ ದೊಡ್ಡ ಅನುಭವ ಇರುವವರು ಏನು ಮಾಡಿದ್ದಾರೆ ಎಂದು ನೋಡಬೇಕಿದ್ದರೆ ವಿಕಿಪೀಡಿಯಾವನ್ನು ನೋಡಿ. ಕನ್ನಡ ವಿಕಿಪೀಡಿಯಾವೂ ಓಡುವುದು ಮೀಡಿಯಾವಿಕಿ ಎಂಬ ಪಿಎಚ್‌ಪಿ ಅಪ್ಲಿಕೇಶನ್ ಮೇಲೆ. 2013ರಲ್ಲಿ ಅವರು ಟೆಂಪ್ಲೇಟ್‌ಗಳಿಗಾಗಿ (ಹಲವು ಪುಟಗಳಲ್ಲಿ ಮತ್ತೆ ಮತ್ತೆ ಬಳಸುವ ಅಚ್ಚುಗಳು) ಲುವಾ ಎಂಬ ಇನ್ನೊಂದು ಭಾಷೆ ತಂದರು. ಮೊದಲಿನ ವಿಕಿ ಬರಹದಲ್ಲಿ ಉಲ್ಲೇಖಗಳಂಥ ದೊಡ್ಡ ಟೆಂಪ್ಲೇಟ್‌ಗಳು ತುಂಬಾ ನಿಧಾನವಾಗಿದ್ದವು. ಲುವಾವನ್ನು ಪಿಎಚ್‌ಪಿಯೊಳಗೇ, ಆದರೆ ಬೇಲಿ ಹಾಕಿ ಓಡಿಸುತ್ತಾರೆ. ಒಂದು ಪುಟಕ್ಕೆ 10 ಸೆಕೆಂಡಿಗಿಂತ ಹೆಚ್ಚು ಓಡಲು ಬಿಡುವುದಿಲ್ಲ. ಅದು ಇಂದಿಗೂ ಇದೆ. ಅದೇ ವಿಕಿಪೀಡಿಯಾದಲ್ಲಿ ಪಾರ್ಸಾಯ್ಡ್ ಎಂಬ ಭಾಗ ಜಾವಾಸ್ಕ್ರಿಪ್ಟ್‌ನಲ್ಲಿ, ನೋಡ್‌ಜೆಎಸ್ ಮೇಲೆ, ಬೇರೆಯೇ ಸೇವೆಯಾಗಿತ್ತು. ವಿಕಿ ಬರಹವನ್ನು ಎಚ್‌ಟಿಎಂಎಲ್ ಮಾಡುವುದು ಅದರ ಕೆಲಸ. ಆದರೆ ಪ್ರತಿ ಟೆಂಪ್ಲೇಟ್‌ಗೂ ಅದು ಮತ್ತೆ ಪಿಎಚ್‌ಪಿಯನ್ನು ಕೇಳಬೇಕಿತ್ತು. ಒಂದು ಪುಟಕ್ಕಾಗಿ ಎರಡು ಭಾಷೆಯ ನಡುವೆ ಓಡಾಟವೋ ಓಡಾಟ. 2019ರಲ್ಲಿ ಅದನ್ನು ಪೂರ್ತಿ ಪಿಎಚ್‌ಪಿಗೆ ಬರೆದು ಒಳಗೆ ಸೇರಿಸಿಕೊಂಡರು. 2020ರ ಮೀಡಿಯಾವಿಕಿ 1.35ರಿಂದ ದೃಶ್ಯ ಸಂಪಾದಕ ಹಾಕಿಕೊಳ್ಳಲು ಬೇರೆ ನೋಡ್ ಸೇವೆ ಬೇಕಾಗುವುದಿಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಿಮಗೆ ಬೇಕಾದ ಅಳತೆಗೋಲು ಸಿಗುತ್ತದೆ. ಒಂದು ಕೆಲಸಕ್ಕಾಗಿ ಗಡಿ ಎಷ್ಟು ಸಲ ದಾಟಬೇಕು ಎಂದು ಎಣಿಸಿ. ನಿಮ್ಮ ಓಸಿಆರ್‌ನಲ್ಲಿ ಒಂದು ಪುಟಕ್ಕೆ ಎರಡು ಸಲ: ಚಿತ್ರ ಹೋಗುತ್ತದೆ, ಪಠ್ಯ ಬರುತ್ತದೆ. ನಡುವೆ ಪೈಥಾನ್‌ಗೆ ಪಿಎಚ್‌ಪಿಯ ಹತ್ತಿರ ಕೇಳುವುದು ಏನೂ ಇಲ್ಲ. ಅಂಥ ಕೆಲಸ ಬೇರೆ ಭಾಷೆಯಲ್ಲಿರಬಹುದು. ಮುಂದೊಂದು ದಿನ ಬಡ್ಡಿ ಲೆಕ್ಕವನ್ನೂ ಪೈಥಾನ್‌ನಲ್ಲಿ ಮಾಡೋಣ ಎನಿಸಿದರೆ ಮತ್ತೆ ಎಣಿಸಿ. ಸದಸ್ಯರ ವಿವರ ಕೇಳಬೇಕು, ದರ ಕೇಳಬೇಕು, ಹಿಂದಿನ ಕಂತು ಕೇಳಬೇಕು, ರಸೀದಿ ಬರೆಯಬೇಕು. ಅದು ಪಿಎಚ್‌ಪಿಯಲ್ಲೇ ಇರಲಿ.

ಇನ್ನು 2 ಜಿಬಿ ಮೆಮೊರಿ. ಎ4 ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ ಚುಕ್ಕಿ. ಬಣ್ಣದ ಚಿತ್ರ ಮೆಮೊರಿಯಲ್ಲಿ ಬಿಚ್ಚಿಕೊಂಡರೆ ಸುಮಾರು 26 ಎಂಬಿ. ಓರೆ ತಿದ್ದುವಾಗ, ಕಲೆ ತೆಗೆಯುವಾಗ ಅದರ ಹಲವು ಪ್ರತಿಗಳು ಹುಟ್ಟುತ್ತವೆ. ಟೆಸರಾಕ್ಟ್ ತನ್ನ ಪಾಲು ಬೇರೆ ಕೇಳುತ್ತದೆ. ಒಬ್ಬ ಕೆಲಸಗಾರನಿಗೆ ಇದು ಆರಾಮ. ಆಸೆಪಟ್ಟು ನಾಲ್ವರನ್ನು ಇಡಬೇಡಿ. ಟೆಸರಾಕ್ಟ್ 4ರಿಂದ ತಾನೇ ಹಲವು ಥ್ರೆಡ್ (ಒಟ್ಟಿಗೆ ಓಡುವ ಎಳೆಗಳು) ಬಳಸುತ್ತದೆ. ಸಣ್ಣ ಸರ್ವರ್‌ನಲ್ಲಿ ಅದನ್ನು ಒಂದಕ್ಕೆ ಮಿತಿಗೊಳಿಸಿದರೆ ವೆಬ್‌ಸೈಟ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಪೈಥಾನ್ ಪ್ರೋಗ್ರಾಮನ್ನು ಲಿನಕ್ಸ್‌ನಲ್ಲಿ ಹಿನ್ನೆಲೆ ಪ್ರೋಗ್ರಾಂಗಳನ್ನು ನಡೆಸುವ ಸಿಸ್ಟಂಡಿಯ ಸೇವೆಯಾಗಿ ಇಡಿ, ಬಿದ್ದರೆ ಮತ್ತೆ ಎಬ್ಬಿಸು ಎಂಬ ಆಯ್ಕೆಯನ್ನೂ ಅಲ್ಲಿ ಹಾಕಿ. ಅಲ್ಲೇ ಮೆಮೊರಿಗೂ 800 ಎಂಬಿಯಂಥ ಮಿತಿ ಹಾಕಬಹುದು. ಹಾಗೆ ಮಾಡಿದರೆ ಕೆಟ್ಟ ಚಿತ್ರವೊಂದು ಬಂದಾಗ ಸಾಯುವುದು ಓಸಿಆರ್ ಮಾತ್ರ, ಮೈಎಸ್‌ಕ್ಯೂಎಲ್ ಅಲ್ಲ. ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಮತ್ತು ಪೈಥಾನ್ ಓಡಿಸುವ ಬಳಕೆದಾರ, ಇಬ್ಬರನ್ನೂ ಒಂದು ಗುಂಪಿಗೆ ಸೇರಿಸಿ ಸ್ಕ್ಯಾನ್ ಫೋಲ್ಡರನ್ನು ಆ ಗುಂಪಿಗೆ ಕೊಡಿ. ಎರಡೂ ಕಡೆಯ ಲಾಗ್‌ನಲ್ಲಿ ಸರದಿಯ ಕ್ರಮಸಂಖ್ಯೆ ಬರೆಯಿರಿ. ದೂರು ಬಂದ ದಿನ ಒಂದೇ ಸಂಖ್ಯೆ ಹಿಡಿದು ಎರಡೂ ಭಾಷೆಯಲ್ಲಿ ಏನಾಯಿತು ಎಂದು ಓದಬಹುದು.

ನೀವು ಕೇಳದಿದ್ದರೂ ಹೇಳುತ್ತೇನೆ, ಈ ಕೆಲಸಕ್ಕೆ ಪೈಥಾನ್ ಕಡೆ ಯಾವ ಫ್ರೇಮ್‌ವರ್ಕೂ ಬೇಡ. ಡೇಟಾಬೇಸ್ ಲೈಬ್ರರಿ, ಓಪನ್‌ಸಿವಿ, ಪೈಟೆಸರಾಕ್ಟ್, ಮತ್ತು ಒಂದು ಲೂಪ್. ಮೊದಲ ದಿನ ಲೂಪ್‌ನೊಳಗೆ ಓಸಿಆರ್ ಕೂಡ ಹಾಕಬೇಡಿ. ಐದು ಸೆಕೆಂಡು ಮಲಗಿ 'ಕೊಟ್ಟಿಗೆ ೧೨೩' ಎಂದು ಬರೆಯುವ ಪ್ರೋಗ್ರಾಂ ಇಡಿ. ಒಟ್ಟಿಗೆ ಇಪ್ಪತ್ತು ಪುಟ ಹಾಕಿ, ನಡುವೆ ಪೈಥಾನ್ ನಿಲ್ಲಿಸಿ, ಮತ್ತೆ ಶುರುಮಾಡಿ, ಸರ್ವರನ್ನೇ ಒಮ್ಮೆ ರೀಬೂಟ್ ಮಾಡಿ. ಇಪ್ಪತ್ತೂ ಮುಗಿದು, ಆ ಪದ ಹುಡುಕಾಟದಲ್ಲಿ ಸಿಕ್ಕರೆ, ಆ ಐದು ಸೆಕೆಂಡಿನ ಜಾಗದಲ್ಲಿ ನಿಮ್ಮ ಸ್ಕ್ರಿಪ್ಟ್ ಇಡಿ.